ಹೆಸರು ಕಡಿಯದ ಕೊಪ್ಪರಿಗೆ

ಸುಂಕದ ಖಾತೆಗೆ ಹೊಸದಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಬಡ್ತಿ, ವರ್ಗಾವಣೆಗಳ ಬಗ್ಗೆ ಕೇಳಿದರೆ ಚಹಾ ಕೊಟ್ಟು ಕಳಿಸುತ್ತೇನೆ. ಕೆಲಸ ಹೇಗಿತ್ತು ಎಂದು ಕೇಳಿದರೆ ಮಾತ್ರ ಊಟಕ್ಕೆ ಉಳಿಸಿಕೊಳ್ಳುತ್ತೇನೆ. ಊಟದ ಹೊತ್ತಿಗೆ ಹೇಳಿದ್ದನ್ನೆಲ್ಲ ಒಂದು ಕಡೆ ಬರೆದಿಡಿ ಎಂದು ಅವರೇ ಒತ್ತಾಯ ಮಾಡಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸವನ್ನು ಒಂದು ಮಾತಿನಲ್ಲಿ ಹೇಳಿಬಿಡಬಹುದು. ಹಳೆಯ ತಾಮ್ರ ಹೇರಿದ ಬಂಡಿ ಸುಂಕದ ನಾಕಾಕ್ಕೆ ಬಂದರೆ ಅದರಲ್ಲಿ ಮೋಡ್ಕಾ ಯಾವುದು, ಪಾತ್ರೆ ಯಾವುದು, ಮೋಡ್ಕಾದಲ್ಲಿ ಯಾವುದು ಯಾವ ವರ್ಗ ಎಂದು ಬೇರೆ ಮಾಡಿ ಹೇಳುವುದು. ಮೋಡ್ಕಾ ಎಂದರೆ ಒಡೆದು ಸವೆದು, ಕುಲುಮೆಗೆ ಹಾಕುವುದಕ್ಕಷ್ಟೇ ಉಳಿದದ್ದು. ಪಾತ್ರೆ ಎಂದರೆ ಇನ್ನೂ ಒಲೆಯ ಮೇಲೆ ಕೂರುವಂಥದ್ದು. ಹೇಳುವುದಕ್ಕೆ ಇಷ್ಟು ಸುಲಭ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ದಿನ, ಈ ಎರಡು ಶಬ್ದಗಳಲ್ಲಿ ನಾನು ಯಾವುದನ್ನು ಬರೆಯುತ್ತೇನೆ ಎಂಬುದರ ಮೇಲೆ ಒಂದು ಊರಿನ ಮದುವೆಯ ಊಟ ನಿಂತಿತ್ತು. ಅಲ್ಲಿಗೆ ಬರುವ ಮೊದಲು ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಹೇಳಬೇಕು.

ಆಗಿನ ನಕ್ಷೆ ಈಗಿನವರಿಗೆ ವಿಚಿತ್ರವಾಗಿ ಕಂಡೀತು. ಹಾನಗಲ್, ಶಿಗ್ಗಾಂವ, ಹಿರೇಕೆರೂರು ಬ್ರಿಟಿಷರ ಮುಂಬಯಿ ಪ್ರಾಂತದ ಊರುಗಳು. ಅವುಗಳ ಮಗ್ಗುಲಲ್ಲೇ ಸವಣೂರು ಬೇರೆ ಸಂಸ್ಥಾನ. ಹಿರೇಕೆರೂರಿನಿಂದ ಆ ಕಡೆ ಹೋದರೆ ಮೈಸೂರು ಸೀಮೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟ ಬಂಡಿಯವನು ಬುತ್ತಿ ಬಿಚ್ಚುವುದರೊಳಗೆ ಇನ್ನೊಂದು ಸರಕಾರದ ನೆಲದಲ್ಲಿ ಇರುತ್ತಿದ್ದ. ಹಳ್ಳಿಗಳಲ್ಲಿ ಕೂಡಿಸಿದ ತಾಮ್ರ ನಮ್ಮ ನಾಕಾ ದಾಟಿ ಹುಬ್ಬಳ್ಳಿ ಸೇರಿ, ಅಲ್ಲಿಂದ ರೈಲು ಹತ್ತಿ, ಗೋವೆಯ ಕಡೆಗೋ ಮುಂಬಯಿಗೋ ಹೋಗಿ ಹಡಗಿಗೆ ಬೀಳುತ್ತಿತ್ತು. ಕೊಳ್ಳುವವನು ಸಮುದ್ರದ ಆಚೆ ಕೂತಿರುತ್ತಿದ್ದ. ಅವನು ಹಾನಗಲ್ಲನ್ನೂ ನೋಡಿದವನಲ್ಲ, ನನ್ನನ್ನೂ ನೋಡಿದವನಲ್ಲ. ಗೋಣಿಚೀಲದ ಬಾಯಿಗೆ ನಾವು ಒತ್ತಿದ ಅರಗಿನ ಮೊಹರನ್ನು ನೋಡಿ ಮಾಲು ತೆಗೆದುಕೊಳ್ಳುತ್ತಿದ್ದ. ಚೀಲದ ಮೇಲೆ ಕೆಂಪು ತಾಮ್ರ ಎಂದಿದ್ದರೆ ಒಳಗೆ ಕೆಂಪು ತಾಮ್ರವೇ ಇರಬೇಕು. ಈ ಮಾತಿನಲ್ಲಿ ನಮ್ಮ ಮಾನ ಇತ್ತು. ನನ್ನ ಕೈಯ ಮೊಹರು ಬಿದ್ದ ಚೀಲ ತಪ್ಪು ವರ್ಗವೆಂದು ಬಂದರಿನಿಂದ ತಿರುಗಿ ಬಂದದ್ದು ನನಗೆ ತಿಳಿದಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೂ ಇಲ್ಲ.

ನನ್ನನ್ನು ತಿದ್ದಿದವರು ಹಿರೇಕೆರೂರು ಕಡೆಯ ನಾಕಾದಲ್ಲಿ ನನ್ನ ಮೇಲಿದ್ದ ಗುರುಪಾದಪ್ಪನವರು. ಅವರು ಅಂಗಳವನ್ನು ದಿನಾ ಗುಡಿಸಿ, ಸುಣ್ಣದ ಗೆರೆ ಎಳೆಸಿ, ಒಂದೊಂದು ವರ್ಗಕ್ಕೆ ಒಂದೊಂದು ಚೌಕ ಮಾಡಿಸುತ್ತಿದ್ದರು. ಕೆಂಪು ತಾಮ್ರ ಒಂದು ಕಡೆ, ಕಲಾಯಿ ಹಚ್ಚಿದ ತಾಮ್ರ ಇನ್ನೊಂದು ಕಡೆ, ಹಿತ್ತಾಳೆ, ಕಂಚು ಬೇರೆ ಬೇರೆ. ಗೆರೆಯ ಮೇಲೆ ಕಾಲಿಟ್ಟು ನಡೆದರೆ ನಮಗೂ ಬೈಗುಳ, ವ್ಯಾಪಾರಿಗೂ ಬೈಗುಳ. ಮೊದಲ ದಿನ ಒಂದು ಚೀಲ ಸುರುವಿ, ವಿಂಗಡಿಸು ಎಂದರು. ನಾನು ಬಣ್ಣ ನೋಡಿ ಎತ್ತಿಡತೊಡಗಿದೆ. ಹಳೆಯ ಸಾಮಾನಿಗೆ ಎಲ್ಲಿಯ ಬಣ್ಣ. ಎಲ್ಲ ಒಂದೇ ಮಸಿ, ಒಂದೇ ಕಿಲುಬು. ಅವರು ನನ್ನ ಬೆನ್ನ ಹಿಂದೆ ನಿಂತು ನಕ್ಕರು.

“ಕಣ್ಣು ಮುಚ್ಚಿ ಬಡದು ನೋಡೋ. ಕಣ್ಣಿಗೆ ವ್ಯಾಪಾರಿ ಲಂಚ ಕೊಡತಾನು. ಕಿವಿಗೆ ಕೊಡಾಕ ಬರಂಗಿಲ್ಲ.”

ಅವರು ಬೆರಳಿನ ಕಬ್ಬಿಣದ ಉಂಗುರದಿಂದ ಒಂದೊಂದನ್ನೇ ಬಡಿದು ಕೇಳಿಸಿದರು. ತಾಮ್ರದ ಸದ್ದು ಮೋಟು, ಬಡಿದಲ್ಲೇ ಸಾಯುತ್ತದೆ. ಹಿತ್ತಾಳೆ ಚುರುಕಾಗಿ ಮಾತಾಡಿ ಸುಮ್ಮನಾಗುತ್ತದೆ. ಕಂಚಿನ ದನಿ ಕೈ ತೆಗೆದ ಮೇಲೂ ಗಾಳಿಯಲ್ಲಿ ಇರುತ್ತದೆ. ಸಂಶಯ ಬಂದರೆ ಹುಣಸೆಹಣ್ಣು ತಿಕ್ಕಬೇಕು. ಆಮೇಲೂ ಸಂಶಯ ಇದ್ದರೆ ಅರದಿಂದ ಅಂಚನ್ನು ಒಂದೆಳೆ ಕೆರೆದು ಒಳಗಿನ ಬಣ್ಣ ನೋಡಬೇಕು. ಒಳಮೈಗೆ ಕಲಾಯಿ ಇದ್ದರೆ ಅದು ಅಚ್ಚ ತಾಮ್ರವಲ್ಲ, ಕರಗಿಸಿದಾಗ ತವರ ಬೆರೆತುಹೋಗುತ್ತದೆ. ಸವಣೂರಿನ ದೊಡ್ಡ ಮನೆಗಳ ಬಿರಿಯಾನಿ ದೇಗುಗಳು ಹೊರಗೆ ಕಪ್ಪು, ಒಳಗೆ ಬೆಳ್ಳಿಯಂತೆ. ಹೊರಗಿನಿಂದ ಕೆರೆದು ಕೆಂಪು ಕಂಡಿತೆಂದು ಅಚ್ಚ ತಾಮ್ರದ ಚೌಕಕ್ಕೆ ಹಾಕಿದವರನ್ನು ನಾನು ಕಂಡಿದ್ದೇನೆ. ಇನ್ನೊಂದು ನಿಯಮ, ಬಾಯಿ ಇದ್ದದ್ದನ್ನೆಲ್ಲ ಬೋರಲು ಹಾಕಬೇಕು. ಗಿಂಡಿಯ ಮೂತಿಯಲ್ಲಿ ಮರಳು, ತಂಬಿಗೆಯ ಹೊಟ್ಟೆಯಲ್ಲಿ ಸೀಸ, ಕೊಡದ ತಳದಲ್ಲಿ ಮೆತ್ತಿದ ಹಸಿಮಣ್ಣು, ಎಲ್ಲ ನೋಡಿದ್ದೇವೆ. ತೂಕ ಹೆಚ್ಚಿಸುವ ವಿದ್ಯೆ ನಮ್ಮ ಸೀಮೆಯಲ್ಲಿ ಬಹಳ ಬೆಳೆದಿತ್ತು.

ಕೆಲವು ವರ್ಷಗಳ ಮೇಲೆ ಪದ್ಧತಿ ಬದಲಾಯಿತು. ಮೇಲಿನಿಂದ ಆಸಿಡ್ ತುಂಬಿದ ಗಾಜಿನ ಬಾಟಲಿ ಬಂತು. ಒಂದು ಹನಿ ಬಿಟ್ಟರೆ ಲೋಹ ತನ್ನ ಜಾತಿ ಹೇಳುತ್ತದೆ ಎಂಬ ಸೂಚನೆ ಜೊತೆಗೆ ಬಂತು. ಲೋಹ ಹೇಳಿತು, ನಿಜ. ಆದರೆ ಬಾಟಲಿ ಹಿಡಿದುಕೊಂಡಿದ್ದ ಜವಾನ ಫಕ್ಕೀರಪ್ಪನ ಧೋತರದ ಮೇಲೂ ಹನಿ ಬಿದ್ದು ಬೊಟ್ಟುಬೊಟ್ಟು ತೂತಾಯಿತು. ಅವನು ಅದೇ ಧೋತರ ಉಟ್ಟುಕೊಂಡು ನಾಕಾದ ಮುಂದೆ ನಿಂತು, ಬಂದ ಬಂಡಿಯವರಿಗೆಲ್ಲ ತೋರಿಸುತ್ತಿದ್ದ.

“ನೋಡ್ರಿ, ನಾ ಅಚ್ಚ ತಾಮ್ರ ಅಂತ ಗೊತ್ತಾತು” ಎನ್ನುತ್ತಿದ್ದ.

ಹೊಸ ಪದ್ಧತಿಯನ್ನು ನಾನು ಹಳಿಯುವುದಿಲ್ಲ. ಬಾಟಲಿ ಬೇಗ ಹೇಳುತ್ತದೆ. ಆದರೆ ನಾನು ಕೊನೆಯ ತನಕ ಮೊದಲು ಕಿವಿಯಿಂದ ಕೇಳಿ, ಆಮೇಲೆ ಬಾಟಲಿ ತೆಗೆಯುತ್ತಿದ್ದೆ.

ಶಿಗ್ಗಾಂವದಿಂದ ಸವಣೂರಿಗೆ ಹೋಗುವ ದಾರಿಯ ನಾಕಾಕ್ಕೆ ನನ್ನನ್ನೂ ಫಕ್ಕೀರಪ್ಪನನ್ನೂ ಹಾಕಿದ ಮೇಲೆ ನಾನು ಎರಡು ಸಂಗತಿ ಕಲಿತೆ. ಎರಡೂ ಯಾವ ಕಾಯಿದೆಯಲ್ಲಿಯೂ ಇರಲಿಲ್ಲ.

ಮೊದಲನೆಯದನ್ನು ಕಲಿಸಿದವನು ಸವಣೂರಿನ ಮೋಡ್ಕಾ ವ್ಯಾಪಾರಿ ಇಮಾಮಸಾಬ. ಮಾತಿನಲ್ಲಿ ಬಲು ಚತುರ. ಬಾಯಿತುಂಬ ತನ್ನೂರಿನ ವೀಳ್ಯದೆಲೆ. ಹಾನಗಲ್ ಹಿರೇಕೆರೂರಿನ ಹಳ್ಳಿಗಳೆಲ್ಲ ತಿರುಗಿ ಹಳೆಯ ತಾಮ್ರ ಕೊಳ್ಳುತ್ತಿದ್ದ. ಅವನ ಚೀಲದಿಂದ ಬಂದ ಕೊಡ, ಹಂಡೆ, ತಂಬಿಗೆಗಳನ್ನು ಬೋರಲು ಹಾಕುವಾಗ, ಪ್ರತಿಯೊಂದರ ಅಂಚಿನಲ್ಲೂ ಉಳಿಯಿಂದ ಹೊಡೆದು ತೆಗೆದ ಒಂದು ಕಚ್ಚು ಕಾಣುತ್ತಿತ್ತು. ಕೆಲವಕ್ಕೆ ಕಂಠದಲ್ಲಿ, ಕೆಲವಕ್ಕೆ ಹೊಟ್ಟೆಯ ಮೇಲೆ. ತೂಕ ಕಡಿಮೆಯಾಗಲೆಂದು ಮಾಡಿದ್ದೋ ಎಂದು ಕೇಳಿದೆ. ಅವನು ಎಲೆ ಉಗುಳಿ ಬಂದು ಹೇಳಿದ.

“ಹೆಸರು ಕಡದು ಕೊಡತಾರ್ರಿ ಕಾರಕೂನರ. ಅವ್ವನ ಹೆಸರು, ಅಜ್ಜನ ಹೆಸರು ಕುಲಮಿಗೆ ಹೋಗಬಾರದಲ್ಲ. ಆ ಚೂರು ದೇವರ ಜಗಲಿ ಮ್ಯಾಲ ಇಟ್ಕೊಂತಾರ. ಹೆಸರು ಇದ್ದದ್ದು ನಾವು ತಕ್ಕಡಿಗೆ ಹಾಕಂಗಿಲ್ಲ. ಹಾಕಿದ್ರ ಅದು ಕಳವು ಮಾಡಿದ್ದು ಇರಬೇಕು, ಇಲ್ಲಾ ಕಣ್ಣೀರಿನ್ಯಾಗ ಬಂದದ್ದು ಇರಬೇಕು.”

ಪಾತ್ರೆ ಕೊಂಡ ದಿನ ಕಂಚಗಾರನಿಂದ ಚುಕ್ಕೆಚುಕ್ಕೆಯಾಗಿ ಹೆಸರು ಹೊಡೆಸುವುದು ಎಲ್ಲರ ಮನೆಯ ರೂಢಿ. ಅದನ್ನು ಬಿಟ್ಟುಕೊಡುವ ದಿನದ ರೂಢಿಯನ್ನು ನಾನು ಗಮನಿಸಿರಲಿಲ್ಲ. ಆ ದಿನದಿಂದ ಪ್ರತಿ ಚೀಲದಲ್ಲೂ ನೋಡತೊಡಗಿದೆ. ಹೆಸರು ಉಳಿದ ಪಾತ್ರೆ ಮೋಡ್ಕಾ ಚೀಲದಲ್ಲಿ ಕಂಡಾಗಲೆಲ್ಲ ವಿಚಾರಿಸಿದೆ. ಒಂದು ಸಲವಾದರೂ ಇಮಾಮಸಾಬನ ಮಾತು ಸುಳ್ಳಾಗಲಿಲ್ಲ. ಒಮ್ಮೆ ಹಾಗೆ ಸಿಕ್ಕ ಎರಡು ತಂಬಿಗೆಗಳು ಬಂಕಾಪುರದ ಕಡೆಯ ಒಂದು ಮನೆಯಿಂದ ಕಳವಾದವು ಎಂದು ಗೊತ್ತಾಗಿ, ಮನೆಯ ಯಜಮಾನಿ ತಾನೇ ನಡೆದುಬಂದು ಒಯ್ದಳು.

ಎರಡನೆಯದು ಇನ್ನೂ ಮೋಜಿನದು. ಆಗ ಮಾರುವ, ಕೊಂಡು ತರುವ ಪಾತ್ರೆಗೆ ಜಕಾತಿ ಸುಂಕ ಹೆಚ್ಚು, ಮೋಡ್ಕಾಕ್ಕೆ ಕಡಿಮೆ. ಹಾಗಾಗಿ ನಾಕಾ ಕಂಡ ಕೂಡಲೇ ಬಂಡಿಯವರೆಲ್ಲ “ಮೋಡ್ಕಾ ಐತ್ರಿ” ಎನ್ನುವುದನ್ನು ಕಲಿತುಬಿಟ್ಟಿದ್ದರು. ಬೀಸುವ ಕಲ್ಲು ತಂದವನೂ ಒಮ್ಮೆ ಮೋಡ್ಕಾ ಎಂದ. ಹಾನಗಲ್ ಕಡೆಯ ಒಬ್ಬ ಗೃಹಸ್ಥ ಸವಣೂರಿನಲ್ಲಿ ಹೊಸ ಕೊಡ ಕೊಂಡು ಬರುತ್ತ, ನಾಕಾ ಸಮೀಪಿಸಿದಾಗ ಬಂಡಿ ಇಳಿದು ಅದನ್ನು ಕಲ್ಲಿಗೆ ಬಡಿದು ನೆಗ್ಗಿಸಿಕೊಂಡು ಬಂದ. ನೆಗ್ಗು ಸ್ವಲ್ಪ ಜೋರಾಗಿ ಬಿದ್ದು ಕೊಡ ಸೀಳಿತ್ತು. ಜೊತೆಯಲ್ಲಿದ್ದ ಹೆಂಡತಿ ಒಂದು ಮಾತೂ ಆಡದೆ ಕೂತಿದ್ದಳು. ನಾನು ನೀರು ಹಾಕಿಸಿ ನೋಡಿ, ಸೋರಿದ್ದರಿಂದ, ಹೌದು ಇದು ಮೋಡ್ಕಾ, ಹೋಗಿರಿ ಎಂದೆ. ಗೆದ್ದವನಂತೆ ಅವನು ಎದ್ದ.

ಆಗ ಆಕೆ ಬಾಯಿ ಬಿಟ್ಟಳು. “ಇನ್ನ ನೀರು ಇವರ ಟೊಪಗಿ ಒಳಗ ತರತೇನಿ ಬಿಡ್ರಿ.”

ಈ “ಮೋಡ್ಕಾ ಐತ್ರಿ” ಎಂಬ ಅಭ್ಯಾಸವೇ ಮುಂದೆ ಆ ಊರಿನವರ ಕುತ್ತಿಗೆಗೆ ಬಂತು.

ಯುದ್ಧ ಶುರುವಾಗಿ ಕೆಲವು ಕಾಲ ಕಳೆದ ಮೇಲೆ ತಾಮ್ರದ ಮಾತೇ ಬೇರೆಯಾಯಿತು. ಹೊರದೇಶಕ್ಕೆ ಮಾಲು ಹೋಗುವುದು ನಿಂತಿತು. ಮೋಡ್ಕಾ ತಾಮ್ರ ಪರವಾನಗಿಯಿಲ್ಲದೆ ಎಲ್ಲೆ ದಾಟಬಾರದು, ಸಿಕ್ಕಿದ್ದನ್ನು ಸರಕಾರದ ಕೋಠಿಗೆ, ಅಂದರೆ ಉಗ್ರಾಣಕ್ಕೆ, ಕಳಿಸಬೇಕು ಎಂಬ ಹುಕುಂ ಬಂತು. ಕೋಠಿಗೆ ಹೋದದ್ದು ಕಾರಖಾನೆಯ ಕುಲುಮೆಗೆ ಹೋಯಿತೆಂದೇ ಲೆಕ್ಕ. ಮನೆಬಳಕೆಯ ಪಾತ್ರೆಗೆ ಮಾತ್ರ ತಡೆಯಿರಲಿಲ್ಲ. ನಿನ್ನೆಯ ತನಕ ಮೋಡ್ಕಾ ಎಂದರೆ ದಾರಿ ಸಲೀಸು, ಇವತ್ತಿನಿಂದ ಮೋಡ್ಕಾ ಎಂದರೆ ದಾರಿ ಬಂದ್. ಹುಕುಂ ತಿರುಗಿದ್ದು ನಮಗೆ ಗೊತ್ತಿತ್ತು. ಬಂಡಿಯವರ ನಾಲಿಗೆಗೆ ಇನ್ನೂ ಗೊತ್ತಾಗಿರಲಿಲ್ಲ.

ಸವಣೂರು ಸಂತೆಯ ದಿನ. ನಾಕಾದ ಮುಂದೆ ಬಂಡಿಗಳ ಸಾಲು. ನಮ್ಮ ಮೇಲಧಿಕಾರಿ ದೇಸಾಯಿಯವರು ತಪಾಸಣೆಗೆ ಬಂದು ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಕೋಟು, ಬಿಸಿಲಲ್ಲೂ ಬಿಚ್ಚದ ಗುಂಡಿ. ನಿಯಮದ ಮನುಷ್ಯ. ನಿಯಮ ಬಿಟ್ಟು ಯಾರಿಗೂ ಉಪಕಾರ ಮಾಡಿದವರಲ್ಲ, ಅಪಕಾರವನ್ನೂ ಮಾಡಿದವರಲ್ಲ. ಅವರ ಮುಂದೆ ಒಂದು ಬಂಡಿ ಬಂದು ನಿಂತಿತು. ಬಂಡಿಯ ತುಂಬ ಒಂದೇ ಒಂದು ಸಾಮಾನು, ತಾಮ್ರದ ಕೊಪ್ಪರಿಗೆ. ಒಬ್ಬಾಳು ಒಳಗೆ ಕುಕ್ಕರಗಾಲಲ್ಲಿ ಕೂತರೆ ಹೊರಗಿನವರಿಗೆ ಕಾಣದಷ್ಟು ದೊಡ್ಡದು. ಬಂಡಿ ಹೊಡೆಯುತ್ತಿದ್ದವನು ಬಸಪ್ಪ. ಕೊಪ್ಪರಿಗೆಯ ಅಂಚಿನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲೇ ನಡೆದುಬಂದವಳು ಅವನ ಅತ್ತಿಗೆ ನೀಲವ್ವ. ನಾನು ಇನ್ನೊಂದು ಬಂಡಿಯ ಹತ್ತಿರ ಇದ್ದೆ. ಏನಿದು ಎಂದು ದೇಸಾಯಿಯವರೇ ಕೇಳಿದರು.

“ಮೋಡ್ಕಾ ಐತ್ರಿ ಸಾಹೇಬ್ರ” ಎಂದ ಬಸಪ್ಪ. “ಬರೇ ಮೋಡ್ಕಾ.”

ದೇಸಾಯಿಯವರು ಬಂಡಿ ಬಿಚ್ಚಿಸಿ ಎಂದರು. ಎತ್ತುಗಳ ಕೊರಳು ಬಿಚ್ಚುವುದನ್ನು ನೋಡಿದ ಮೇಲೆ ಬಸಪ್ಪನಿಗೆ ಏನೋ ತಪ್ಪಿದೆ ಎಂದು ಹೊಳೆದಿರಬೇಕು. ನಾನು ಹತ್ತಿರ ಹೋಗಿ ಹೊಸ ಹುಕುಮನ್ನು ತಿಳಿಸಿ ಹೇಳಿದೆ. ನೀಲವ್ವ ಮೈದುನನ ಕಡೆ ತಿರುಗಿದಳು.

“ಬಸ್ಯಾ, ಊರ ಕೊಪ್ಪರಿಗಿನ್ನ ಮೋಡ್ಕಾ ಅಂದ್ಯಾ? ನಾಳೆ ನನ್ನನ್ನೂ ಬಂಡ್ಯಾಗ ಹಾಕ್ಕೊಂಡು ಬಂದು ಹಂಗ ಅಂತೀ ಏನೋ.”

ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ದೇಸಾಯಿಯವರ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ಒಂದೊಂದಾಗಿ ಹೇಳಿದಳು. ಕೊಪ್ಪರಿಗೆ ಹಾನಗಲ್ ಕಡೆಯ ಅವರ ಹಳ್ಳಿಯದು. ಅವಳ ಮಾವನ ಕಾಲದಲ್ಲಿ ಪ್ರತಿ ಮನೆಯವರೂ ತಮ್ಮ ಒಂದೊಂದು ತಾಮ್ರದ ಸಾಮಾನು ಹಾಕಿ ಮಾಡಿಸಿದ್ದು. ಕಾಯ್ದಿಡುವ ಹೊಣೆ ಅವಳ ಮನೆಯದು, ಅದಕ್ಕೇ ಅದು ಎಲ್ಲಿಗೆ ಹೋದರೂ ಅವಳು ಜೊತೆಗೆ ಹೋಗಬೇಕು. ಸುತ್ತಿನ ಹಳ್ಳಿಗಳ ಕೊಪ್ಪರಿಗೆಗಳು ತಾಮ್ರಕ್ಕೆ ಬೆಲೆ ಬಂದಾಗ ಮಾರಿಹೋದವು. ಉಳಿದದ್ದು ಇದೊಂದೇ. ಮುಂದಿನ ವಾರ ಊರಿನ ನಾಲ್ಕಾರು ಮದುವೆಗಳನ್ನು ಒಂದೇ ಹಂದರದ ಕೆಳಗೆ ಮಾಡುವವರಿದ್ದಾರೆ. ಬೆಸುಗೆಯ ಜಾಗದಲ್ಲಿ ಸೀಳು ಬಿಟ್ಟಿದೆ, ಸವಣೂರಿನ ಕಂಚಗಾರರಿಂದ ಸರಿಮಾಡಿಸಬೇಕು. ಇದು ಹೋದರೆ ಯುದ್ಧ ಮುಗಿಯುವ ತನಕ ಅಂಥ ಇನ್ನೊಂದನ್ನು ಮಾಡಿಸುವ ಮಾತೇ ಇಲ್ಲ.

ದೇಸಾಯಿಯವರು ಅಡ್ಡಮಾತಾಡದೆ ಎಲ್ಲ ಕೇಳಿದರು. ಆಮೇಲೆ ನೀರು ಹಾಕಿ ನೋಡಲು ಹೇಳಿದರು. ಅದು ನಮ್ಮ ನಿತ್ಯದ ಪರೀಕ್ಷೆ, ನೀರು ನಿಂತರೆ ಪಾತ್ರೆ, ಸೋರಿದರೆ ಮೋಡ್ಕಾ. ಫಕ್ಕೀರಪ್ಪ ಕೊಡ ಕೊಡ ನೀರು ಹೊಯ್ದ. ತಳದಿಂದ ಗೇಣು ಮೇಲಿದ್ದ ಸೀಳಿನ ತನಕ ನೀರು ಏರಿತು. ಏರಿದ ಮೇಲೆ ಕೈಬೆರಳಿನ ದಪ್ಪ ಧಾರೆ ಹೊರಗೆ ಬಿತ್ತು. ನೀಲವ್ವ ಆ ಧಾರೆಗೆ ಅಂಗೈ ಅಡ್ಡ ಹಿಡಿದಳು, ಅದರಿಂದ ಏನಾದರೂ ಆಗುತ್ತದೆ ಎಂಬಂತೆ.

“ಮಾಲಕರ ಬಾಯಿಂದನ ಮೋಡ್ಕಾ ಅಂತ ಬಂದದ. ನೀರೂ ಸೋರೇದ” ಎಂದರು ದೇಸಾಯಿಯವರು. “ಕೋಠಿಗೆ ಬರೀರಿ, ಕಾರಕೂನರ.”

ನಾನು ಲೇಖನಿ ತೆಗೆಯಲಿಲ್ಲ. ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದೆ. ಅಂಚಿನ ತುಂಬ ಹೆಸರುಗಳು. ಒಂದು ಮನೆಯ ಹೆಸರು ಮುಗಿದಲ್ಲಿ ಇನ್ನೊಂದು ಮನೆಯದು ಶುರು. ಕೈಯಾಡಿಸಿ ನೋಡಿದೆ. ಎಲ್ಲಿಯೂ ಉಳಿಯ ಕಚ್ಚು ಇರಲಿಲ್ಲ. ಮೇಲಧಿಕಾರಿಯ ಮಾತಿಗೆ ಎದುರು ಮಾತಾಡುವ ಅಭ್ಯಾಸ ನನಗಿರಲಿಲ್ಲ. ಶಿಸ್ತಿನಲ್ಲಿ ಬೆಳೆದವನು. ಆದರೆ ತಪ್ಪು ವರ್ಗ ಬರೆಯುವ ಅಭ್ಯಾಸವೂ ಇರಲಿಲ್ಲ. ನೆಟ್ಟಗೆ ನಿಂತು, ನನ್ನ ನಿರ್ಣಯದಲ್ಲಿ ಇದು ಪಾತ್ರೆ ಎಂದೆ.

ಯಾಕೆ ಎಂದು ದೇಸಾಯಿಯವರು ಕೇಳಿದರು. ಹೆಸರು ಕಡಿಯುವ ರೂಢಿಯನ್ನು ಹೇಳಿದೆ. ಕೊಡುವವರು ಬಿಟ್ಟುಕೊಡದ ಹೊರತು ಅದು ಮೋಡ್ಕಾ ಆಗುವುದಿಲ್ಲ, ಬಿಟ್ಟುಕೊಟ್ಟಿದ್ದರೆ ಹೆಸರು ಇರುತ್ತಿರಲಿಲ್ಲ ಎಂದೆ.

“ಇದು ಎಲ್ಲಿ ಬರದದ?”

“ಎಲ್ಲೂ ಬರದಿಲ್ರಿ. ಆದ್ರ ಇದನ್ನ ಮೀರಿದವರನ್ನ ನಾ ನೋಡಿಲ್ರಿ.”

ಅವರು ಸಾಲಿನಲ್ಲಿ ನಿಂತಿದ್ದ ಇಮಾಮಸಾಬನನ್ನು ಕರೆಸಿದರು. ಆ ತೂಕದ ತಾಮ್ರ ಯಾವ ವ್ಯಾಪಾರಿಗೂ ಬಾಯಲ್ಲಿ ನೀರೂರಿಸುವಂಥದು. ಕೋಠಿಗೆ ಮಾಲು ಒದಗಿಸುವ ಗುತ್ತಿಗೆಯೂ ಆಗ ಅವನದೇ ಇತ್ತು. ಮೋಡ್ಕಾ ಎಂದು ಒಂದು ಮಾತು ಹೇಳಿದ್ದರೆ ಕೊಪ್ಪರಿಗೆ ಅವನ ಬಂಡಿ ಹತ್ತುತ್ತಿತ್ತು. ಇದನ್ನು ತೂಗುತ್ತೀಯೇನು ಎಂದು ದೇಸಾಯಿಯವರು ಕೇಳಿದರು. ಅವನು ಅಂಚಿನ ಮೇಲೆ ಒಂದು ಸಲ ಬೆರಳಾಡಿಸಿದ.

“ಇಲ್ರಿ ಹುಜೂರ. ಇಷ್ಟು ಮಂದಿ ಹೆಸರು ತಕ್ಕಡಿಗೆ ಹಾಕಿದ್ರ, ನಾಳಿಂದ ಆ ಸೀಮಿಯೊಳಗ ನನಗ ಕುಡಿಯಾಕ ನೀರು ಹುಟ್ಟಂಗಿಲ್ಲ.”

ದೇಸಾಯಿಯವರು ಅವನಿಗೆ ಹೋಗು ಎಂದು ಕೈ ಮಾಡಿದರು. ಅವರ ಬಗ್ಗೆ ನನಗೆ ಗೌರವ ಇರುವುದು ಆಮೇಲೆ ಅವರು ಆಡಿದ ಮಾತಿನಿಂದ. ರೂಢಿಯನ್ನು ನಾನು ನಿಯಮ ಅನ್ನಲಾರೆ, ಆದರೆ ನಿಯಮ ಏನು ಹೇಳುತ್ತದೆ ಎಂದು ನೋಡೋಣ ಎಂದರು. ಕರಗಿಸುವುದಕ್ಕೆ ಮಾತ್ರ ಬರುವಂಥದು ಮೋಡ್ಕಾ ಎಂದು ನಿಯಮ. ನೀರಿನ ಪರೀಕ್ಷೆ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು.

“ಇದು ಬ್ಯಾರೆ ಕೆಲಸಕ್ಕ ಬರತದ ಅಂತ ನನ್ನ ಕಣ್ಣಮುಂದ ತೋರಸ್ರಿ. ಸಂಜಿ ಮೋಟಾರಿಗೆ ನಾ ಹೋಗಾಂವ. ಅದರೊಳಗ ಆಗಬೇಕು.”

ಕಂಚಗಾರನನ್ನು ಸವಣೂರಿನಿಂದ ಕರೆಸಿ ಬೆಸುಗೆ ಹಾಕಿಸುವಷ್ಟು ಸಮಯ ಇರಲಿಲ್ಲ. ಕೊಪ್ಪರಿಗೆಯನ್ನು ಎಲ್ಲೆ ದಾಟಿಸುವಂತೆಯೂ ಇರಲಿಲ್ಲ. ನೀಲವ್ವನನ್ನು ಕೇಳಿದೆ, ಸೀಳು ಬಿಟ್ಟ ಮೇಲೆ ಊರಲ್ಲಿ ಇದರಲ್ಲಿ ಅಡಿಗೆ ಮಾಡಿಯೇ ಇಲ್ಲವೇ. ಸಣ್ಣದಿದ್ದಾಗ ಸುಣ್ಣ ಬೆಲ್ಲ ಮೆತ್ತಿ ಮಾಡಿದ್ದೇವೆ, ಈಗ ಬಾಯಿ ದೊಡ್ಡದಾಗಿದೆ ಎಂದಳು. ಹಾಗಾದರೆ ಈಗಲೂ ಮೆತ್ತಿರಿ ಎಂದೆ. ಅಂಗಳಕ್ಕೆ ಗೆರೆ ಎಳೆಯಲು ತಂದಿಟ್ಟ ಸುಣ್ಣ ನಾಕಾದಲ್ಲೇ ಇತ್ತು. ಬೆಲ್ಲ ಸಂತೆಗೆ ಹೊರಟ ಬಂಡಿಯಿಂದ ಬಂತು. ಹತ್ತಿ ಇನ್ನೊಂದು ಬಂಡಿಯಿಂದ. ಅವಳು ಕಲ್ಲಿನ ಮೇಲೆ ಮೂರನ್ನೂ ಕುಟ್ಟಿ, ಹತ್ತಿಯ ಎಳೆ ಕಾಣದಷ್ಟು ನುಣ್ಣಗೆ ಮಾಡಿದಳು. ಬಸಪ್ಪ ಉಳಿದ ನೀರು ಚೆಲ್ಲಿ, ಒಳಗಿಳಿದು ಒಳಗಿನಿಂದ ಒತ್ತಿದ, ಅವಳು ಹೊರಗಿನಿಂದ ಒತ್ತಿದಳು. ಒಳಗಿನಿಂದ ಅವನು ಏನೋ ಹೇಳುತ್ತಿದ್ದುದು ಗುಂಯ್ ಎಂದು ಕೇಳುತ್ತಿತ್ತು.

“ಒಳಗ ಬಾಯಿ ಮುಚ್ಚಿಕೊಂಡಿರು. ಹೊರಗ ಅದು ಮಾಡಿದ್ದು ಸಾಕು” ಎಂದಳು ನೀಲವ್ವ.

ಮೂರು ಕಲ್ಲು ಹೂಡಿ ಕೊಪ್ಪರಿಗೆ ಇಟ್ಟೆವು. ಗಾರೆ ಒಣಗಲೆಂದು ಮೊದಲು ಬರೀ ಕೊಪ್ಪರಿಗೆಗೆ ಸಣ್ಣ ಉರಿ ಹಚ್ಚಿದೆವು. ಫಕ್ಕೀರಪ್ಪ ಮತ್ತೆ ಕೊಡ ಕೊಡ ನೀರು ಹೊಯ್ದ. ನೀರು ಸೀಳಿನ ಮಟ್ಟಕ್ಕೆ ಬಂತು. ಹೊರಮೈಯಲ್ಲಿ ಒಂದು ಹನಿ ಮೂಡಿತು. ಇನ್ನೊಂದು ಮೂಡಿತು. ದೇಸಾಯಿಯವರು ಕುರ್ಚಿಯಿಂದ ಎದ್ದು ಬಂದು ಬಗ್ಗಿ ನೋಡಿದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ, ನೋಡುವುದೊಂದೇ ಉಳಿದಿತ್ತು. ಉರಿ ಏರಿದ ಹಾಗೆ ಆ ಹನಿಗಳು ಜಾರದೆ ನಿಂತಲ್ಲೇ ಆರಿದವು. ಮೂರನೆಯದು ಬರಲಿಲ್ಲ.

ಬರೀ ನೀರು ಕಾಯಿಸಿದರೆ ಸಾಲದು, ಬೇಯಬೇಕು ಎಂದೆ. ಸಾಲಿನ ಬಂಡಿಯವರೆಲ್ಲ ದಾರಿಯಲ್ಲಿ ಬೇಯಿಸಿಕೊಳ್ಳಲೆಂದು ತಂದ ಜೋಳದ ನುಚ್ಚು ತಂದು ಸುರಿದರು. ಕೊಡಲಾರೆನೆಂದವರು ಒಬ್ಬರೂ ಇರಲಿಲ್ಲ. ಇಮಾಮಸಾಬ ಉಪ್ಪು ಕೊಟ್ಟ, ಎಷ್ಟು ಹಾಕಬೇಕೆಂದು ಸಲಹೆಯನ್ನೂ ಕೊಟ್ಟ. ನೀಲವ್ವ ಮೊದಲನೆಯದನ್ನು ಮಾತ್ರ ತೆಗೆದುಕೊಂಡಳು. ನುಚ್ಚು ಕುದ್ದು ಗಟ್ಟಿಯಾಗಿ ಗುಳುಗುಳು ಎನ್ನತೊಡಗಿದಾಗ ದೇಸಾಯಿಯವರು ಕೋಲಿನಿಂದ ಒಲೆಯ ಬೂದಿ ಕೆದರಿ ನೋಡಿದರು. ಸೀಳಿನ ಕೆಳಗಿನ ಬೂದಿ ಒಣಗಿತ್ತು. ಇನ್ನೊಂದು ಸಲ, ಇನ್ನೊಂದು ಕಡೆಯಿಂದ ಕೆದರಿದರು. ಅಲ್ಲಿಯೂ ಒಣ ಬೂದಿ.

“ಬರೀರಿ” ಎಂದರು. “ಪಾತ್ರೆ.”

ಬರೆದೆ. ಹೆಸರಿನ ವಿಷಯವನ್ನೂ ವಿವರವಾಗಿ ಬರೆದು ತಮಗೆ ಕಳಿಸಬೇಕೆಂದು ಅವರು ಮೋಟಾರು ಹತ್ತುವ ಮೊದಲು ಹೇಳಿಹೋದರು. ಕೆಲವು ತಿಂಗಳಲ್ಲಿ ಸುತ್ತಿನ ನಾಕಾಗಳಿಗೆಲ್ಲ ಸೂಚನೆ ಬಂತು. ಹೆಸರು ಕಡಿಯದ ಪಾತ್ರೆ ಕಂಡರೆ ವಿಚಾರಣೆ ಮಾಡದೆ ಮೋಡ್ಕಾ ಎಂದು ಬರೆಯಬಾರದು. ಕೆಳಗೆ ದೇಸಾಯಿಯವರ ಸಹಿ ಇತ್ತು. ನನ್ನ ಹೆಸರು ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಹಿರೇಕೆರೂರಿನಿಂದ ಗುರುಪಾದಪ್ಪನವರು ಮಾತ್ರ ಹೇಳಿಕಳಿಸಿದ್ದರು, ಇದು ನಿನ್ನದೇ ಕೆಲಸ ಎಂದು ಓದಿದ ಕೂಡಲೇ ಗೊತ್ತಾಯಿತು ಎಂದು. ಆ ಮಾತು ನನಗೆ ಬಡ್ತಿಗಿಂತ ದೊಡ್ಡದು.

ಆ ದಿನ ದೇಸಾಯಿಯವರು ಹೋದ ಮೇಲೆ ಬಂಡಿಯವರು ಸಾಲಾಗಿ ಕೂತು ನುಚ್ಚು ಮಜ್ಜಿಗೆ ಉಂಡರು. ನೀಲವ್ವ ಒಂದು ಎಲೆಯಲ್ಲಿ ಹಾಕಿಕೊಂಡು ನನ್ನ ಮುಂದೆ ಬಂದಳು. ನಾನು ಕೈ ಮುಗಿದೆ. ತಪಾಸಣೆಗೆ ಬಂದ ಮಾಲಿನವರ ಕೈಯಿಂದ ನೀರನ್ನೂ ಮುಟ್ಟಬಾರದೆಂಬುದು ಗುರುಪಾದಪ್ಪನವರು ಹಾಕಿಕೊಟ್ಟ ಕಟ್ಟು. ಮದುವೆಗಾದರೂ ಬರ್ರಿ ಎಂದಳು. ನೌಕರಿಯಲ್ಲಿ ಇರುವ ತನಕ ಅದೂ ಆಗುವುದಿಲ್ಲ ಎಂದೆ. ಅವಳಿಗೆ ಬೇಸರವಾಗಲಿಲ್ಲ.

“ಹಂಗಾರ ನೌಕರಿ ಬಿಟ್ಟ ಮ್ಯಾಲ ಬರ್ರಿ. ಕೊಪ್ಪರಿಗಿ ಎಲ್ಲೀಗೂ ಹೋಗಂಗಿಲ್ಲ.”

ಮದುವೆಗಳು ಚೆನ್ನಾಗಿ ಆದವೆಂದು ಇಮಾಮಸಾಬನಿಂದ ತಿಳಿಯಿತು. ಅವನು ಹೋಗಿ ಉಂಡು ಬಂದಿದ್ದ. ಕೊಪ್ಪರಿಗೆಯನ್ನು ನೋಡಿ ತನ್ನ ಎದೆ ಸುಟ್ಟಿತೆಂದೂ, ಆದರೆ ಹುಗ್ಗಿ ಬಹಳ ಚೆನ್ನಾಗಿತ್ತೆಂದೂ ಹೇಳಿದ.

ಯುದ್ಧ ಮುಗಿಯಿತು. ಸವಣೂರು ಸಂಸ್ಥಾನವೂ ಹೋಯಿತು, ಅದರ ಎಲ್ಲೆಯ ನಾಕಾವೂ ಹೋಯಿತು. ಆ ಜಾಗದಲ್ಲಿ ಈಗ ಒಂದು ಚಹಾದಂಗಡಿ ಇದೆ. ನಾನು ಬೇರೆ ಬೇರೆ ಕಡೆ ಕೆಲಸ ಮಾಡಿ, ಕೊನೆಗೆ ನಿವೃತ್ತನಾಗಿ ಹಾನಗಲ್ಲಿನಲ್ಲಿ ಮನೆ ಮಾಡಿದೆ. ಮಾಡಬೇಕಾದ ಕೆಲಸಗಳಲ್ಲಿ ಇದೊಂದು ಬಾಕಿ ಇತ್ತು. ಆ ಊರಲ್ಲಿ ಮದುವೆ ಇದೆಯೆಂದು ಸಂತೆಯಲ್ಲಿ ಕೇಳಿದ ದಿನ ಬೆಳಿಗ್ಗೆಯೇ ಸ್ನಾನ ಮುಗಿಸಿ ಬಸ್ಸು ಹತ್ತಿದೆ.

ಹಂದರದ ಹಿಂದೆ ಕೊಪ್ಪರಿಗೆ ಒಲೆಯ ಮೇಲಿತ್ತು. ಸೀಳಿನ ಜಾಗದಲ್ಲಿ ಸವಣೂರಿನ ಕಂಚಗಾರರು ಹಾಕಿದ ತೇಪೆ, ಅದರ ಸುತ್ತ ಒತ್ತಾದ ಮೊಳೆಗಳ ಸಾಲು. ಒಳ್ಳೆಯ ಕೆಲಸ. ಕೈ ತಾನಾಗಿಯೇ ಅಂಚಿನ ಮೇಲೆ ಹೋಯಿತು. ಬಿಸಿಯಿತ್ತು, ಆದರೂ ಒಂದು ಸುತ್ತು ಬಂದೆ. ಎಲ್ಲ ಹೆಸರುಗಳೂ ಇದ್ದವು. ಕಚ್ಚು ಎಲ್ಲಿಯೂ ಇರಲಿಲ್ಲ.

ಯಾರೋ ಹೋಗಿ ಹೇಳಿರಬೇಕು, ನೀಲವ್ವ ಬಂದಳು. ತಲೆ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಕೊಪ್ಪರಿಗೆಯ ಪಕ್ಕದಲ್ಲಿ ನಡೆದುಬಂದಾಗಿನದೇ. ನನ್ನನ್ನು ಪಂಕ್ತಿಯ ಮೊದಲಿಗೆ ಕೂರಿಸಿ, ಬಡಿಸುವವರ ಕೈಯಿಂದ ಸೌಟು ತೆಗೆದುಕೊಂಡು ತಾನೇ ಹುಗ್ಗಿ ಹಾಕಿದಳು. ನಾನು ಒಂದು ತುತ್ತು ಬಾಯಿಗಿಟ್ಟ ಮೇಲೆ, ಸೊಂಟದ ಮೇಲೆ ಕೈಯಿಟ್ಟು ನಿಂತು, ಸುತ್ತಿನವರಿಗೆಲ್ಲ ಕೇಳುವಂತೆ ಕೇಳಿದಳು.

“ಈಗ ಹೇಳ್ರಿ ಕಾರಕೂನರ. ಮೋಡ್ಕಾನೋ, ಪಾತ್ರೆನೋ?”

ಬಾಯಿತುಂಬ ಹುಗ್ಗಿ ಇತ್ತು. ಎಲೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಹಾಕಿಸಿಕೊಂಡೆ.